ಚೌಕಟ್ಟಿನ ಕುಂಬಾರ ಹುಳ

ಊರಿನ ಹೂಗಳಿಗೆಲ್ಲ ಪರಾಗ ಹಚ್ಚಲು ದಿನಾ ಮುಂಜಾನೆ ಸರ್ಕಾರದ ತಗಡಿನ ದುಂಬಿಗಳು ಬಂದು ಹೋಗುತ್ತಿದ್ದವು. ಜೀವವಿರುವ ಹುಳ ಕಂಡ ಮನೆಗೆ ಮಾತ್ರ ಅವು ಬರುವಂತಿರಲಿಲ್ಲ. ಹೀಗಿರುವಾಗ ಫಕೀರವ್ವನ ಬಾಗಿಲ ಚೌಕಟ್ಟಿನಲ್ಲಿ ಕುಂಬಾರ ಹುಳವೊಂದು ಕೆಸರು ತಂದು ಗೂಡು ಕಟ್ಟತೊಡಗಿತು.

ಸರ್ಕಾರದ ಕಡೆಯಿಂದ ತಪಾಸಣೆಗೆ ಬಂದ ಅಡಿವೆಪ್ಪ ಕತ್ತೆತ್ತಿ ನೋಡಿದ.

“ಯವ್ವಾ, ಇದನ್ನ ಕೆರದು ಹಾಕು. ಇಲ್ಲಾಂದ್ರ ನಾಳಿಂದ ದುಂಬಿ ಬರೂದಿಲ್ಲ. ನಿನ್ನ ಕುಂಬಳಬಳ್ಳಿ ಒಂದು ಕಾಯೂ ಹಿಡಿಯೂದಿಲ್ಲ.”

“ಒಳಗ ಮಗಳು ತುಂಬಿದ ಬಸುರಿ ಅದಾಳ. ಇಂಥಾ ಹೊತ್ತಿನ್ಯಾಗ ಈ ಹುಳದ ಗೂಡು ಕೆರದ್ರ ಬಸುರಿಗೆ ಆಗಿಬರೂದಿಲ್ಲ. ಕೆರ್ಯಾಕ ನಾ ಏನು ಹುಚ್ಚಿ?”

“ಈಗಿನ ಕಾಲದಾಗ ಇದನ್ನ ಯಾರು ನಂಬತಾರಬೇ?”

“ನಂಬಬ್ಯಾಡೋ ತಮ್ಮಾ, ನೋಡು. ಸೊಂಟ ದಾರದಷ್ಟ ಐತಿ, ಗಡಗಿ ಹೆಂಗ ತಿದ್ದಾಕತ್ತೈತಿ! ನಿನ್ನ ತಗಡಿನ ದುಂಬಿ ಒಂದಾರ ಮನಿ ಕಟ್ಟೈತೇನು?”

ಅಡಿವೆಪ್ಪ ಬಾಗಿಲಿಗೆ ‘ದುಂಬಿ ಬಂದ್’ ಎಂಬ ಕೆಂಪು ಚೀಟಿ ಅಂಟಿಸಿ ಹೋದ.

ಮರುದಿನ ದುಂಬಿಗಳು ಬೇಲಿಯಾಚೆಯಿಂದಲೇ ತಿರುಗಿ ಹೋದವು. ಫಕೀರವ್ವ ಕುಂಬಳದ ಗಂಡು ಹೂವೊಂದನ್ನು ಕಿತ್ತು, ಎಸಳು ಹರಿದು, ಒಳಗಿನ ಕೇಸರವನ್ನು ಹೆಣ್ಣು ಹೂವಿಗೆ ಮೆಲ್ಲಗೆ ತಿಕ್ಕಿದಳು. ನೆರೆಮನೆಯ ಮಲಕವ್ವ ಬೇಲಿಯ ಮೇಲಿಂದ ಇಣುಕಿದಳು.

“ಹಿಂಗೂ ಕಾಯಿ ಹಿಡೀತೈತೇನಬೇ ಯಕ್ಕಾ?”

“ಹಿಡಿಸಿದ್ರ ಹಿಡೀತೈತಿ. ಬಾ, ಕಲಸ್ತೀನಿ. ಆಮ್ಯಾಲ ನೀನೂ ಬಾಗಲಾ ತಗದಿಡು, ಹುಳಾ ಬರಲಿ.”