ಪ್ರತಿ ಪದವೂ ಗೊತ್ತಿದ್ದವನು

ಹಾಡು ಶುರುವಾದ ಕೂಡಲೇ ಮುಂದಿನ ಸಾಲಿನಲ್ಲಿದ್ದವನು ಎರಡೂ ಕಿವಿ ಮುಚ್ಚಿಕೊಂಡ. ಆದರೆ ಅವನ ತುಟಿಗಳು ಅಲುಗುತ್ತಿದ್ದವು. ಒಂದು ಪದವೂ ತಪ್ಪದೆ.

ಕ್ಯಾಸ್ ನೊವಿಟ್ಸ್ಕಿ ವೇದಿಕೆಯ ಮೇಲಿಂದ ಅದನ್ನು ಕಂಡ. ಗಂಟಲು ಹರಿಯುವಂತೆ ಕಿರುಚುತ್ತಲೇ ಕಂಡ. ಡೆಟ್ರಾಯಿಟ್‌ನ ಕಾರ್ಮಿಕ ಸಂಘದ ಸಭಾಂಗಣ, ಭಾನುವಾರ ಮಧ್ಯಾಹ್ನ. ಕೇಳಲು ಬಂದವರು ನಲವತ್ತು ಜನ ಇದ್ದರೆ ಹೆಚ್ಚು.

ಇರಾಕಿನ ಮೇಲೆ ಬಾಂಬು ಬಿದ್ದ ಮೊದಲ ವಾರ ಬರೆದ ಹಾಡು ಅದು. ಯಾರ ಮಗನನ್ನು ಕೊಲ್ಲಲು ಯಾರ ಮಗನನ್ನು ಕಳಿಸಿದಿರಿ ಎಂದು ಅಧ್ಯಕ್ಷನ ಮುಖಕ್ಕೇ ಕೇಳುವ ಹಾಡು. ಎರಡು ನಿಮಿಷವೂ ಇಲ್ಲ. ಗಿಟಾರು, ಡ್ರಮ್ಮು, ಉಳಿದದ್ದು ಬರೀ ಬೈಗುಳ. ಅದಕ್ಕಾಗಿ ಕ್ಯಾಸ್ ಹಣೆಗೆ ಬಾಟಲಿಯ ಏಟು ತಿಂದಿದ್ದ. ಅವನ ವ್ಯಾನಿನ ಮೇಲೆ ಯಾರೋ 'ದೇಶದ್ರೋಹಿ' ಎಂದು ಗೀಚಿದ್ದರು. ಸೈನ್ಯ ಸೇರಿದ್ದ ತಮ್ಮ ಮಾತು ಬಿಟ್ಟಿದ್ದ. ಹನ್ನೊಂದು ವರ್ಷ ಕಳೆದಿತ್ತು. ಹಾಡು ಯಾವ ರೇಡಿಯೊದಲ್ಲೂ ಬರಲಿಲ್ಲ, ಯಾರನ್ನೂ ತಟ್ಟಲಿಲ್ಲ.

ಡ್ರಮ್ ಬಾರಿಸುವ ಅಕ್ಕ ವಾಂಡಾ ಅದನ್ನು ನೆನಪಿಸದೆ ಬಿಡುವವಳಲ್ಲ. ವೇದಿಕೆ ಇಳಿದವಳೇ ಶುರು ಮಾಡಿದಳು.

"ಸಾಕು ಮಾಡೋಣ ಕಣೋ. ನಿನ್ನ ಕಿರುಚಾಟಕ್ಕೆ ಒಂದು ಗುಂಡಾದ್ರೂ ನಿಂತಿತಾ? ನನ್ನ ಮೊಣಕೈ ಹೋಯ್ತು, ಅಷ್ಟೇ."

ಕ್ಯಾಸ್ ಬಾಯಿ ತೆರೆಯುವಷ್ಟರಲ್ಲಿ ಕಿವಿ ಮುಚ್ಚಿಕೊಂಡಿದ್ದವನು ಎದುರಿಗೆ ಬಂದು ನಿಂತ. ನಲವತ್ತು ದಾಟಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ. ಹೆಸರು ನಬೀಲ್ ಎಂದ.

"ಕಿವಿ ಮುಚ್ಕೊಂಡು ಹಾಡು ಕೇಳೋರನ್ನ ಇವತ್ತೇ ನೋಡಿದ್ದು," ಎಂದ ಕ್ಯಾಸ್, ಸಿಡುಕಿನಿಂದ.

"ತಪ್ಪು ತಿಳೀಬೇಡಿ. ಅದು ನನಗೆ ಬಾಯಿಪಾಠ. ಎರಡನೇ ಚರಣ ಮುಗಿದ ಮೇಲೆ ನೀವೊಂದು ಸಲ ಕೆಮ್ತೀರಿ. ಇವತ್ತು ಕೆಮ್ಮಲಿಲ್ಲ."

ಅಕ್ಕತಮ್ಮ ಮುಖ ಮುಖ ನೋಡಿಕೊಂಡರು. ರೆಕಾರ್ಡಿನಲ್ಲಿ ಉಳಿದುಹೋಗಿದ್ದ ಆ ಕೆಮ್ಮು ಅವರಿಗೇ ಮರೆತಿತ್ತು.

"ನಮ್ಮ ಬೇರೆ ಹಾಡು?" ಎಂದ ಕ್ಯಾಸ್.

"ಒಂದೂ ಗೊತ್ತಿಲ್ಲ. ಹಾಡಿದವರು ಯಾರು ಅಂತಾನೂ ಗೊತ್ತಿರಲಿಲ್ಲ. ಹೋದ ತಿಂಗಳು ಮಗಳು ಹುಡುಕಿಕೊಟ್ಟಳು."

"ಹಾಗಾದ್ರೆ ಕೇಳಿದ್ದೆಲ್ಲಿ?"

"ಬಾಗ್ದಾದ್ ಹತ್ರ. ಅಮೆರಿಕದ ಸೈನ್ಯದ ಶಿಬಿರದಲ್ಲಿ."

ಕ್ಯಾಸ್ ಒಂದು ಹೆಜ್ಜೆ ಮುಂದೆ ಬಂದ. "ಸೈನಿಕರು ಇದನ್ನ ಕೇಳ್ತಿದ್ರಾ?"

"ಹಾಕ್ತಿದ್ದೋರೇ ಅವರು. ಹಗಲೂ ರಾತ್ರಿ."

"ಮೇಲಿನವರು ಸುಮ್ನಿದ್ರಾ?"

"ಇನ್ನೂ ಜೋರಾಗಿ ಹಾಕಿ ಅಂತಿದ್ರು."

ಕ್ಯಾಸ್ ಜೋರಾಗಿ ನಕ್ಕ. ನಗುತ್ತಲೇ ಕಣ್ಣೊರೆಸಿಕೊಂಡ. "ಕೇಳಿದ್ಯಾ ಅಕ್ಕಾ? ಒಂದು ಗುಂಡಾದ್ರೂ ನಿಂತಿತಾ ಅಂದ್ಯಲ್ಲ!"

ಈ ಊರಿನ ಅರಬರಲ್ಲಿ ಎಷ್ಟೋ ಮಂದಿ ಸೈನ್ಯದ ಜೊತೆ ದುಭಾಷಿಗಳಾಗಿ ಹೋಗಿ ಬಂದವರೇ. ಕ್ಯಾಸ್ ಕೇಳಿಯೂ ಬಿಟ್ಟ: "ದುಭಾಷಿ ಆಗಿದ್ರಾ?"

"ಪ್ರಶ್ನೆಗೆ ಉತ್ತರ ಹೇಳೋದಷ್ಟೇ ನನ್ನ ಪಾಲಿಗಿತ್ತು."

ಕ್ಯಾಸ್‌ಗೆ ಅಷ್ಟು ಸಾಕಾಯಿತು. ನಬೀಲ್‌ನ ಕೈ ಹಿಡಿದು ವೇದಿಕೆ ಹತ್ತಿಸಿದ. ಬಾಗಿಲತ್ತ ಹೊರಟಿದ್ದವರನ್ನು ಕೂಗಿ ನಿಲ್ಲಿಸಿದ.

"ಹೋಗ್ಬೇಡ್ರಪ್ಪಾ, ಕೇಳಿ! ಹನ್ನೊಂದು ವರ್ಷ ಎಲ್ಲರೂ ನನ್ನ ಗೇಲಿ ಮಾಡಿದ್ರಿ. ಈ ಹಾಡು ಯುದ್ಧದ ಹೊಟ್ಟೆಯೊಳಗೇ ಹೋಗಿ ಕೂತಿತ್ತು. ಕಣ್ಣಾರೆ ಕಂಡವರು ಇಲ್ಲಿದ್ದಾರೆ. ಇವರ ಬಾಯಲ್ಲೇ ಕೇಳಿ."

ನಲವತ್ತು ಜನರೂ ತಿರುಗಿ ಬಂದರು. ಚಪ್ಪಾಳೆ ಬಿತ್ತು, ಯಾರೋ ಸಿಳ್ಳೆ ಹಾಕಿದರು. ಕ್ಯಾಸ್ ಹುಡುಗನ ಹಾಗೆ ತುದಿಗಾಲಲ್ಲಿ ನಿಂತಿದ್ದ. ನಬೀಲ್ ಮೈಕನ್ನು ಬಾಯಿಂದ ಸ್ವಲ್ಪ ದೂರವೇ ಹಿಡಿದ. ಸದ್ದು ಅಡಗುವವರೆಗೆ ಕಾದ. ಮಾತಾಡಿದ್ದು ಜನರಿಗಲ್ಲ, ಕ್ಯಾಸ್‌ನ ಕಡೆ ತಿರುಗಿ.

"ಕೈ ಮೇಲಕ್ಕೆ ಕಟ್ಟಿ ನಿಲ್ಲಿಸಿ, ನಿದ್ದೆ ಬರದ ಹಾಗೆ ಹತ್ತೊಂಬತ್ತು ದಿನ ನನ್ನ ಕಿವಿಗೆ ಇದೊಂದನ್ನೇ ಹಾಕಿದ್ರು. ಆಗ ನನಗೆ ಇಂಗ್ಲಿಷ್ ಬರ್ತಿರಲಿಲ್ಲ. ನೀವು ಬೈತಿರೋದು ನಮ್ಮನ್ನೇ ಅಂದ್ಕೊಂಡಿದ್ದೆ."