ಬಲೆ ಹರಿಯದ ದಾರಿ

"ಭೂಗೋಳದ ಎರಡು ಪೀರಿಯಡ್ ಗಣಿತಕ್ಕೆ ಕೊಡುವ, ಅಲ್ವಾ?" ಎಂದು ಹೆಡ್‌ಮಾಸ್ಟರರು ಪೋಷಕರ ಸಭೆಯಲ್ಲಿ ಕೇಳಿದಾಗ ಭೂಗೋಳ ಕಲಿಸುವ ರೇಚಲ್ ಟೀಚರು ತಲೆ ತಗ್ಗಿಸಿದರು.

ಉಚ್ಚಿಲದ ಮೀನುಗಾರ ಶೇಖರ ಎದ್ದು ಬಂದು, ಲ್ಯಾಮಿನೇಷನ್ ಮಾಡಿಸಿದ ಹಾಳೆಯೊಂದನ್ನು ಮೇಜಿನ ಮೇಲಿಟ್ಟ. "ನೀರಿನಡಿ ಬಂಡೆ ಎಲ್ಲೆಲ್ಲಿ ಉಂಟು ಅಂತ ನಾನು ಹೇಳಿದೆ. ಟೀಚರು ಕಲಿಸಿದ ಹಾಗೆ ಮಗಳು ತೃಷಾ ಅಳತೆ ಹಾಕಿ ನಕ್ಷೆ ಬಿಡಿಸಿದಳು. ನಮ್ಮ ಬೋಟಿನ ಒಡಿಶಾದ ಕೆಲಸದವರಿಗೂ ತಿಳಿಯಬೇಕಲ್ಲ, ಅದಕ್ಕೆ ಅಕ್ಷರ ಇಲ್ಲ, ಬರೀ ಚಿಹ್ನೆ. ಈಗ ನಾನು ಹೋಗದ ದಿನವೂ ಬಲೆ ಬಂಡೆಗೆ ಸಿಕ್ಕಿ ಹರಿಯುವುದಿಲ್ಲ."

ಹೆಡ್‌ಮಾಸ್ಟರರು ಹಾಳೆ ಎತ್ತಿ ಹಿಡಿದು ಬಹಳ ಹೊತ್ತು ನೋಡಿದರು. "ಕಾಪುವಿನ ದೀಪಸ್ತಂಭ ಎಲ್ಲಿ ಉಂಟು ಮಾರಾಯ್ರೆ?"

ರೇಚಲ್ ಟೀಚರು ತಲೆ ಎತ್ತುವಷ್ಟರಲ್ಲಿ ಶೇಖರ ಹೆಡ್‌ಮಾಸ್ಟರರ ಕೈಯಲ್ಲಿದ್ದ ನಕ್ಷೆಯನ್ನು ಮೆಲ್ಲನೆ ತಿರುಗಿಸಿಕೊಟ್ಟ.

"ಉತ್ತರ ಮೇಲೆ ಬರಬೇಕು, ಸರ್."