ಓಡುವವನ ಚಿತ್ರ

"ಇವನು ಓಡ್ತಿಲ್ಲಮ್ಮ, ಬಸ್ಸಿಗೆ ಕಾಯ್ತಿದಾನೆ," ಎನ್ನುತ್ತ ಸಂಪಾದಕರು ಹಾಳೆಯನ್ನು ಮತ್ತೆ ಚಿತ್ರಗಾರ್ತಿಯ ಕಡೆಗೆ ತಳ್ಳಿದರು. ಬೆಳಿಗ್ಗೆ ಅವರಿಗೆ ಜಪಾನಿನ ಮಾಂಗಾ ಚಿತ್ರಕಥೆಗಳ ವೇಗ ಬೇಕಿತ್ತು: ಹೀರೋ ನಿಂತ ಹಾಗೇ ಇರಬೇಕು, ಸುತ್ತಲಿನ ಗೆರೆಗಳು ಓಡಬೇಕು. ಬರೆದುಕೊಟ್ಟಳು. ಊಟವಾದ ಮೇಲೆ ಅಮೆರಿಕದ ಕಾಮಿಕ್ಸಿನ ವೇಗ ಬೇಕಾಯಿತು: ಹೀರೋ ಮಿಂಚಾಗಬೇಕು, ಹಿಂದೆ ಬೆಳಕಿನ ಬಾಲ ಉಳಿಯಬೇಕು. ಅದನ್ನೂ ಬರೆದುಕೊಟ್ಟಳು. ಈಗ ಎರಡೂ ಸಪ್ಪೆಯಂತೆ.

"ಮಾಂಗಾದವನು ಒಂದು ಹೆಜ್ಜೆಗೆ ಹತ್ತು ಪುಟ ತಗೋತಾನೆ. ಅಮೆರಿಕದವನು ಒಂದೇ ಚೌಕದಲ್ಲಿ ಭೂಮಿ ಸುತ್ತಿ ಬರ್ತಾನೆ. ಯಾರು ಫಾಸ್ಟು, ನೀನೇ ಹೇಳು."

"ಸಾರ್, ನಾಲ್ಕು ಗಂಟೆಗೆ ನನ್ನ ಮಗಳ ಓಟ ಇದೆ. ಬೆಳಿಗ್ಗೇನೇ ಹೇಳಿದ್ದೆ."

"ಹೋಗುವಿಯಂತೆ. ಮೊದಲು ಇವನನ್ನ ಓಡಿಸು."

ಗೋಡೆಯ ಗಡಿಯಾರ ನೋಡಿ ಅವಳಿಗೆ ಮೈಯೆಲ್ಲ ಉರಿಯಿತು. ಹೋದ ವರ್ಷವೂ ಇದೇ ಕುರ್ಚಿಯಲ್ಲಿ ಯಾವನೋ ಹಾರುವವನಿಗೆ ರೆಕ್ಕೆ ಬರೆಯುತ್ತ ಕೂತು, ಮಗಳು ಗೆದ್ದ ಸುದ್ದಿಯನ್ನು ಫೋನಿನಲ್ಲಿ ಕೇಳಿದ್ದಳು. ಹೊಸ ಹಾಳೆ ಎಳೆದುಕೊಂಡು, ಹಲ್ಲು ಕಚ್ಚಿ ಸರಸರನೆ ಗೀಚಿ, ಕೂತಲ್ಲಿಂದಲೇ ಅವರ ಮೂಗಿನ ಕೆಳಗೆ ಚಾಚಿದಳು.

ಸಂಪಾದಕರು ಕನ್ನಡಕ ಸರಿಪಡಿಸಿಕೊಂಡು ನೋಡಿದರು. ಖಾಲಿ ಕುರ್ಚಿಯೊಂದು ಗರಗರ ತಿರುಗುತ್ತಿದೆ. ಮೇಜಿನಂಚಿಂದ ಪೆನ್ಸಿಲ್ ಉರುಳಿ ಬೀಳುತ್ತಿದೆ. ಅರ್ಧ ತೆರೆದ ಬಾಗಿಲು ಇನ್ನೂ ಅಲ್ಲಾಡುತ್ತಿದೆ. ಮನುಷ್ಯನ ಸುಳಿವೇ ಇಲ್ಲ.

"ಇದರಲ್ಲಿ ಹೀರೋನೇ ಇಲ್ಲವಲ್ಲಮ್ಮ. ಎಲ್ಲಿ ಹೋದ?"

ಅವರು ಹಾಳೆಯಿಂದ ತಲೆಯೆತ್ತಿದರು. ಎದುರಿನ ಕುರ್ಚಿ ಗರಗರ ತಿರುಗುತ್ತಿತ್ತು. ಪೆನ್ಸಿಲ್ ಆಗತಾನೇ ನೆಲಕ್ಕೆ ಬಿತ್ತು.